ಮಂಡಿಯ ಖಾತೆ

ಸರ್ಕಾರದ ಕಾಗದಪತ್ರಗಳಲ್ಲಿ ನನ್ನ ಹುದ್ದೆಯ ಹೆಸರು ಗ್ರಾಮಲೆಕ್ಕಿಗ ಎಂದಿತ್ತು. ಈಗ ಅದೇ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಗಂಭೀರವಾದ ಹೆಸರು ಬಂದಿದೆ. ಹಳ್ಳಿಯ ಜನ ಮಾತ್ರ ಕೊನೆಯವರೆಗೂ ನನ್ನನ್ನು ಶಾನುಭೋಗರೇ ಎಂದೇ ಕರೆದರು. ಶಾನುಭೋಗಿಕೆ ರದ್ದಾಗಿ ಎಷ್ಟೋ ವರ್ಷಗಳಾದ ಮೇಲೆ ಕೆಲಸಕ್ಕೆ ಸೇರಿದವನು ನಾನು. ನಮ್ಮ ವಂಶದಲ್ಲಿ ಯಾರೂ ಲೆಕ್ಕ ಬರೆದವರಲ್ಲ, ಬರೆಸಿಕೊಂಡವರು. ಆದರೂ ಹೆಸರು ಅಂಟಿಕೊಂಡಿತು, ಹೆಸರಿನ ಜೊತೆಗೆ ಗುಣವೂ ಅಂಟಿಕೊಂಡಿತೋ ಏನೋ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಒಳಗೇ ನನ್ನ ಸರ್ವಿಸ್ಸು ಪೂರ್ತಿ ಮುಗಿಯಿತು. ವರ್ಗವಾದಾಗಲೆಲ್ಲ ಬಸ್ಸಿನ ದಾರಿ ಬದಲಾಗುತ್ತಿತ್ತೇ ಹೊರತು ಪುಸ್ತಕಗಳು ಬದಲಾಗುತ್ತಿರಲಿಲ್ಲ. ಪಹಣಿ, ಖಾತೆ ಬದಲಾವಣೆ, ಜನನ ಮರಣದ ರಿಜಿಸ್ಟರು. ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು, ಹನ್ನೊಂದನೇ ಕಾಲಂನಲ್ಲಿ ಅವನ ಸಾಲ. ಮನುಷ್ಯನ ಬಗ್ಗೆ ಇದಕ್ಕಿಂತ ಹೆಚ್ಚಿಗೆ ತಿಳಿಯುವ ಅಗತ್ಯ ತಹಸೀಲ್ದಾರರಿಗೆ ಇರುವುದಿಲ್ಲ.

ಈ ಪೀಠಿಕೆ ಯಾಕೆಂದರೆ, ನಾನು ಬರೆಯಹೊರಟಿರುವುದು ಮಂಡಿಯ ವಿಷಯ. ಮೈಸೂರಿನವರು ಮಂಡಿ ಎಂದರೆ ಮಂಡಿ ಮೊಹಲ್ಲಾ ಎಂದುಕೊಳ್ಳಬಹುದು, ವ್ಯಾಪಾರಸ್ಥರು ಬೆಲ್ಲದ ಮಂಡಿ ಎಂದುಕೊಳ್ಳಬಹುದು. ನಾನು ಹೇಳುತ್ತಿರುವುದು ಮೊಣಕಾಲಿನ ಮಂಡಿ. ಅದರಲ್ಲೂ ಸವೆದುಹೋದ ಮೇಲೆ ಕೊಯ್ದು ತೆಗೆದು, ಆ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನದನ್ನು ಕೂರಿಸಿದ ಮಂಡಿ.

ನಮ್ಮ ನಾಲ್ಕು ತಾಲ್ಲೂಕಿನ ಬೇಸಾಯವೆಲ್ಲ ಮಂಡಿಯ ಮೇಲೆ ನಿಂತದ್ದು ಎಂದರೆ ಅತಿಶಯೋಕ್ತಿಯಲ್ಲ. ಹುಣಸೂರು, ಪಿರಿಯಾಪಟ್ಟಣದ ಹೆಂಗಸರು ಹೊಗೆಸೊಪ್ಪಿನ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬ್ಯಾರನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಲೆಯನ್ನು ಕಡ್ಡಿಗೆ ಕಟ್ಟುತ್ತಾರೆ. ಬೇಯಿಸಿ ತೆಗೆದ ಮೇಲೆ ಮತ್ತೆ ಕುಳಿತು ಗ್ರೇಡು ಮಾಡುತ್ತಾರೆ. ಕೆ.ಆರ್. ನಗರದ ಕಾವೇರಿ ಬಯಲಿನಲ್ಲಿ ಭತ್ತದ ನಾಟಿ, ಕಳೆ. ಕೋಟೆ ಕಡೆ ಹತ್ತಿ ಬಿಡಿಸುವುದು, ಸೌದೆ ಹೊರುವುದು. ಇದರ ಮೇಲೆ ಮನೆಯಲ್ಲಿ ನೆಲದ ಮೇಲೆ ಅಡುಗೆ, ನೆಲದ ಮೇಲೆ ಊಟ. ಅರವತ್ತು ದಾಟುವ ಹೊತ್ತಿಗೆ ಕಾಲು ಬಿಲ್ಲಿನಂತೆ ಬಾಗಿ, ನಡೆಯುವಾಗ ಎರಡೂ ಪಕ್ಕಕ್ಕೆ ತೂಗಾಡುವ ಅಜ್ಜಿಯರು ನಮ್ಮಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮೊದಲೆಲ್ಲ ಅದಕ್ಕೆ ವಯಸ್ಸು ಎಂದು ಹೆಸರಿಟ್ಟು ಸುಮ್ಮನಿರುತ್ತಿದ್ದರು. ಈಗ ಇಪ್ಪತ್ತು ವರ್ಷಗಳಿಂದೀಚೆಗೆ ಮೈಸೂರಿಗೆ ಕರೆದುಕೊಂಡು ಹೋಗಿ ಮಂಡಿ ಹಾಕಿಸುತ್ತಾರೆ.

ನಮ್ಮ ಅಕ್ಕಯ್ಯನಿಗೂ 2008ರಲ್ಲಿ ಹಾಗೆಯೇ ಹಾಕಿಸಿದೆವು. ಅವಳನ್ನು ಕೊಟ್ಟಿದ್ದು ಚುಂಚನಕಟ್ಟೆಯಿಂದಾಚೆಯ ಒಂದು ಹಳ್ಳಿಗೆ. ಭಾವ ತೀರಿಕೊಂಡ ಮೇಲೂ ಗದ್ದೆಯನ್ನು ವಾರಕ್ಕೆ ಕೊಡದೆ ತಾನೇ ಮಾಡಿಸುತ್ತಿದ್ದವಳು. ಎಡಗಾಲಿನ ಮಂಡಿ ಕೆಟ್ಟು ಬದುವಿನ ಮೇಲೆ ನಿಲ್ಲಲಾಗದೆ ಹೋದಾಗ ಮಾತ್ರ ಆಸ್ಪತ್ರೆಗೆ ಒಪ್ಪಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮರು ವರ್ಷ ಚುಂಚನಕಟ್ಟೆ ದನಗಳ ಜಾತ್ರೆಗೆ ನಡೆದುಕೊಂಡೇ ಬಂದು, ನನಗಿಂತ ಮುಂದೆ ಹೋಗಿ ಎತ್ತಿನ ಹಲ್ಲು ನೋಡುತ್ತಿದ್ದಳು. ಹತ್ತು ಹನ್ನೊಂದು ವರ್ಷ ಏನೂ ತಕರಾರಿಲ್ಲ.

2019ರ ಮಳೆಗಾಲದಲ್ಲಿ ಮಂಡಿ ಊದಿಕೊಂಡಿತು. ಮೆಟ್ಟಿಲು ಇಳಿಯುವಾಗ ಒಳಗೆ ಏನೋ ಜಾರಿದಂತಾಗುತ್ತದೆ ಎಂದಳು. ಮೊದಲು ಮಾಡಿದ ಡಾಕ್ಟರರು ಊರು ಬಿಟ್ಟಿದ್ದರು. ಮೈಸೂರಿನಲ್ಲಿಯೇ ಇನ್ನೊಬ್ಬರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನವರು, ತಾಳ್ಮೆಯುಳ್ಳವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ಅರ್ಥವಾಗುವ ಹಾಗೆ ಹೇಳಿದರು. ಮೇಲಿನ ಲೋಹ, ಕೆಳಗಿನ ಲೋಹ ಎರಡೂ ಮೂಳೆಯಲ್ಲಿ ಭದ್ರವಾಗಿ ಕೂತಿವೆ. ನಡುವೆ ಇರುವ ಪ್ಲಾಸ್ಟಿಕ್ಕಿನ ಬಿಲ್ಲೆ ಸವೆದಿದೆ. ಅದೊಂದನ್ನೇ ತೆಗೆದು ಹೊಸದು ಹಾಕಿದರೆ ಸಾಕಾಗಬಹುದು. ಸಣ್ಣ ಆಪರೇಷನ್ನು, ಬೇಗ ಎದ್ದು ಓಡಾಡುತ್ತಾರೆ. ನಾವು ನಿಟ್ಟುಸಿರು ಬಿಟ್ಟೆವು. ಆಗ ಅವರು ಕೇಳಿದರು: “ಯಾವ ಕಂಪನಿಯದು? ಯಾವ ಮಾಡಲ್ಲು, ಎಷ್ಟನೇ ಸೈಜು?”

ಅಕ್ಕಯ್ಯ ನನ್ನ ಮುಖ ನೋಡಿದಳು. ನಾನು ಡಾಕ್ಟರ ಮುಖ ನೋಡಿದೆ.

ವಿಷಯ ಇಷ್ಟೆ. ಬೇರೆ ಕಂಪನಿಯ ಬಿಲ್ಲೆ ಈ ಲೋಹಕ್ಕೆ ಕೂರುವುದಿಲ್ಲ. ಅದೇ ಕಂಪನಿಯದಾದರೂ ಸೈಜು ತಪ್ಪಿದರೆ ಕೂರುವುದಿಲ್ಲ. ಪಂಪ್‌ಸೆಟ್ಟಿನ ವಾಷರು ತರಲು ಪೇಟೆಗೆ ಹೋದವನು ಪಂಪಿನ ಹೆಸರನ್ನೂ ಕುದುರೆಶಕ್ತಿಯನ್ನೂ ಹೇಳಲೇಬೇಕಲ್ಲ, ಹಾಗೆ. ಎಕ್ಸ್‌ರೇಯಲ್ಲಿ ಆಕಾರ ನೋಡಿ ಇಂಥ ಕಂಪನಿಯದಿರಬಹುದು ಎಂದು ಊಹಿಸಬಹುದಂತೆ. ಆದರೆ ಊಹೆಯ ಮೇಲೆ ಮಂಡಿ ಬಿಚ್ಚಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ.

ಮನೆಯಲ್ಲಿದ್ದ ಡಿಸ್ಚಾರ್ಜ್ ಕಾರ್ಡನ್ನು ತೆಗೆದು ನೋಡಿದೆವು. ಎಡ ಮಂಡಿ ಬದಲಿಸಲಾಗಿದೆ, ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಲು ಬರುವುದು, ಎಂದಿತ್ತು. ಅಷ್ಟೆ. ಮೊದಲಿನ ಆಸ್ಪತ್ರೆಗೆ ಹೋದೆ. ಕಟ್ಟಡ ಅದೇ, ಬೋರ್ಡು ಬೇರೆ. ಹಳೆಯ ಕೇಸ್ ಶೀಟುಗಳು ಇಲ್ಲವೆಂದು ಕೌಂಟರಿನ ಹುಡುಗಿ ವಿನಯದಿಂದಲೇ ಹೇಳಿದಳು. ವೈದ್ಯರು ಕಾಗದಪತ್ರವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮವೊಂದಿದೆ. ಮೂರು ವರ್ಷ ಎಂದು ಅದರಲ್ಲಿದೆ. ಹದಿನೈದು ವರ್ಷ ಬಾಳಬೇಕಾದ ಮಂಡಿಯ ಕಾಗದಕ್ಕೆ ಮೂರು ವರ್ಷದ ಆಯಸ್ಸು! ಅಕ್ಕಯ್ಯನ ಮಾವನ ಕಾಲದಲ್ಲಿ ಮೂರು ಗುಂಟೆ ಖರಾಬಿನ ಬಗ್ಗೆ ನಡೆದ ತಕರಾರಿನ ಕಾಗದ ತಾಲ್ಲೂಕು ಕಛೇರಿಯ ರೆಕಾರ್ಡು ರೂಮಿನಲ್ಲಿ ಈಗಲೂ ಕಟ್ಟಿನೊಳಗೆ ಇದೆ, ನಾನೇ ನೋಡಿದ್ದೇನೆ. ಅವಳ ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಇದೆ. ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಯಾವ ರೈತನದೆಂದು ಚೀಟಿ ನೋಡಿ ಹೇಳುತ್ತಾರೆ. ಅಕ್ಕಯ್ಯನ ದೇಹದೊಳಗೆ ಇರುವುದೇನು ಎಂಬುದಕ್ಕೆ ಮಾತ್ರ ಇಡೀ ಮೈಸೂರು ಜಿಲ್ಲೆಯಲ್ಲಿ ಒಂದು ತುಂಡು ಕಾಗದವಿರಲಿಲ್ಲ.

“ಹೊಲದ ಪತ್ರ ಎಲ್ಲಾ ಟ್ರಂಕಿನಲ್ಲಿ ಜೋಪಾನವಾಗಿ ಮಡಗಿವ್ನಿ ಕಣ್ಲಾ. ಕಾಲಿನ ಪತ್ರ ಮಡಿಕೋ ಅಂತ ಯಾರೂ ಹೇಳ್ನಿಲ್ವಲ್ಲ,” ಎಂದಳು ಅಕ್ಕಯ್ಯ.

ಕೊನೆಗೆ ಭದ್ರವಾಗಿದ್ದ ಲೋಹವನ್ನೂ ಮೂಳೆಯಿಂದ ಬಿಡಿಸಿ ತೆಗೆದು, ಪೂರ್ತಿ ಹೊಸ ಮಂಡಿ ಹಾಕಬೇಕಾಯಿತು. ಎರಡನೆಯ ಸಲ ಹಾಕುವ ಮಂಡಿಗೆ ಮೂಳೆಯೊಳಗೆ ಉದ್ದನೆಯ ಕಡ್ಡಿ ಇಳಿಸುತ್ತಾರೆ. ಆಪರೇಷನ್ ದೊಡ್ಡದು, ಖರ್ಚು ದೊಡ್ಡದು, ಮಲಗಿದ ಕಾಲವೂ ದೊಡ್ಡದು. ಈಗ ಅವಳು ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾಳೆ. ಗದ್ದೆಯನ್ನು ವಾರಕ್ಕೆ ಕೊಟ್ಟಾಗಿದೆ. ಡಾಕ್ಟರರನ್ನು ದೂರುವಂತಿಲ್ಲ, ತಿಳಿಯದ್ದನ್ನು ತಿಳಿದಂತೆ ನಟಿಸದೆ ಇದ್ದುದೇ ಅವರ ದೊಡ್ಡತನ.

ವಾರ್ಡಿನ ರೌಂಡ್ಸು ಮುಗಿಸಿ ಹೋಗುವಾಗ ಅವರೊಮ್ಮೆ ಹೇಳಿದ್ದರು, “ಇದೇ ಸ್ವೀಡನ್ನಾಗಿದ್ದರೆ ಒಂದು ನಂಬರು ಹೊಡೆದರೆ ಸಾಕಿತ್ತು ಸಾರ್.” ನಿವೃತ್ತನಾದವನಿಗೆ ಇಂಥ ಒಂದು ಮಾತು ಸಿಕ್ಕರೆ ಆರು ತಿಂಗಳಿಗೆ ಸಾಕು. ಮೊಮ್ಮಗಳ ಸಹಾಯದಿಂದ ಹುಡುಕಿ ಓದುತ್ತಾ ಹೋದೆ.

ಸ್ವೀಡನ್ನಿನಲ್ಲಿ 1975ರಲ್ಲಿಯೇ ಮಂಡಿಗಳಿಗೆಂದು ಒಂದು ರಿಜಿಸ್ಟರು ತೆರೆದರು. ಲುಂಡ್ ಎಂಬ ಊರಿನ ಮೂಳೆ ವೈದ್ಯರು ಶುರು ಮಾಡಿದ್ದು. 1979ರಲ್ಲಿ ಸೊಂಟದ ಕೀಲಿಗೆ ಇನ್ನೊಂದು. ಮಂಡಿ ಬದಲಾವಣೆ ಆಗಿನ್ನೂ ಹೊಸ ವಿದ್ಯೆ. ಬಗೆಬಗೆಯ ಕಂಪನಿಗಳ ಬಗೆಬಗೆಯ ಮಂಡಿ ಬರುತ್ತಿದ್ದವು. ಯಾವುದು ಬಾಳುತ್ತದೆ, ಯಾವುದು ಸಡಿಲವಾಗುತ್ತದೆ ಎಂಬುದು ಒಬ್ಬ ವೈದ್ಯನಿಗೆ ತನ್ನ ಅನುಭವದಲ್ಲಿಯೇ ತಿಳಿಯುವ ಹೊತ್ತಿಗೆ ಅವನು ನಿವೃತ್ತನಾಗಿರುತ್ತಾನೆ. ಅದಕ್ಕೇ ಅವರು ಎಲ್ಲ ಆಸ್ಪತ್ರೆಗಳ ಲೆಕ್ಕವನ್ನೂ ಒಂದೇ ಪುಸ್ತಕಕ್ಕೆ ಹಾಕಿದರು. ಯಾರಿಗೆ, ಯಾವತ್ತು, ಯಾವ ಕಾಲಿಗೆ, ಯಾವ ಮಂಡಿ, ಎಂಥ ಸಿಮೆಂಟು. ಮುಂದೊಂದು ದಿನ ಅದೇ ಮಂಡಿಯನ್ನು ಮತ್ತೆ ಬಿಚ್ಚಬೇಕಾಗಿ ಬಂದರೆ ಅದನ್ನೂ ಅದೇ ಪುಸ್ತಕಕ್ಕೆ ಹಾಕುತ್ತಾರೆ, ಯಾವ ಆಸ್ಪತ್ರೆಯಲ್ಲಿ ಬಿಚ್ಚಿದರೂ ಸರಿ. ಇಷ್ಟೇ ಅದರ ಮರ್ಮ. ವರ್ಷಕ್ಕೊಮ್ಮೆ ಎಲ್ಲ ಕೂಡಿ ಕಳೆದು, ಇಂಥ ಮಂಡಿ ನೂರಕ್ಕೆ ಇಷ್ಟು ಕೆಟ್ಟಿವೆ, ಇಂಥದು ಇಷ್ಟು, ಎಂದು ಎಲ್ಲ ಆಸ್ಪತ್ರೆಗಳಿಗೂ ತಿಳಿಸುತ್ತಾರೆ. ಬೈಗುಳವಿಲ್ಲ, ಮೆಮೋ ಇಲ್ಲ. ಪಕ್ಕದ ಆಸ್ಪತ್ರೆಯ ಲೆಕ್ಕ ತನ್ನದಕ್ಕಿಂತ ಚೆನ್ನಾಗಿದೆಯೆಂದು ಕಂಡ ವೈದ್ಯ ತಾನೇ ದಾರಿ ಬದಲಾಯಿಸುತ್ತಾನೆ. ಕೆಟ್ಟ ಮಂಡಿಗಳು ಬಳಕೆಯಿಂದ ತಾವಾಗಿ ಜಾರಿಹೋದವು. ಸೊಂಟಕ್ಕೆ ಸಿಮೆಂಟು ಹಾಕುವ ರೀತಿಯೂ ಹೀಗೆಯೇ ಸುಧಾರಿಸಿತು.

ಇದರಲ್ಲಿ ನನ್ನಂಥವನಿಗೆ ಎಲ್ಲಕ್ಕಿಂತ ರುಚಿಸಿದ್ದು ಮರಣದ ರಿಜಿಸ್ಟರಿನ ಸಂಗತಿ. ಹಾಕಿದ ಮಂಡಿಗಳಲ್ಲಿ ಎಷ್ಟು ಬಾಳಿದವು ಎಂದು ಲೆಕ್ಕ ಮಾಡುವುದು ಮೇಲುನೋಟಕ್ಕೆ ಸುಲಭ. ಆದರೆ ಮಂಡಿ ಹಾಕಿಸಿಕೊಂಡ ಮುದುಕ ಐದನೇ ವರ್ಷ ಎದೆನೋವಿನಿಂದ ತೀರಿಕೊಂಡರೆ ಅವನ ಮಂಡಿ ಗೆದ್ದಿತೋ ಸೋತಿತೋ? ಐದು ವರ್ಷ ಚೆನ್ನಾಗಿತ್ತು ಎಂದಷ್ಟೇ ಬರೆದು ಅಲ್ಲಿಗೆ ಗೆರೆ ಎಳೆಯಬೇಕು. ಗೆರೆ ಎಳೆಯದಿದ್ದರೆ ಅವನು ಪುಸ್ತಕದಲ್ಲಿ ನೂರಿಪ್ಪತ್ತು ವರ್ಷದವನಾದರೂ ಗಟ್ಟಿ ಮಂಡಿಯವನಾಗಿಯೇ ಇರುತ್ತಾನೆ, ನಮ್ಮ ಪಹಣಿಗಳಲ್ಲಿ ಸತ್ತವರು ಮೂರು ತಲೆಮಾರು ಒಡೆಯರಾಗಿ ಇರುವಂತೆ. ಸ್ವೀಡನ್ನಿನಲ್ಲಿ 1947ರಿಂದ ಪ್ರತಿಯೊಬ್ಬರಿಗೂ ಒಂದು ನಂಬರಿದೆ. ಸತ್ತರೆ ಆ ನಂಬರಿನ ಮುಂದೆ ದಾಖಲಾಗುತ್ತದೆ, ಮಂಡಿಯ ಪುಸ್ತಕಕ್ಕೂ ತಿಳಿಯುತ್ತದೆ. ಎರಡು ರಿಜಿಸ್ಟರುಗಳು ಒಂದಕ್ಕೊಂದು ಮಾತನಾಡುವ ದೇಶ! ಕೃಷ್ಣರಾಜನಗರದಲ್ಲಿ ನನ್ನ ಮೇಜಿನ ಎಡಗಡೆ ಪಹಣಿ, ಬಲಗಡೆ ಮರಣದ ಪುಸ್ತಕ ಇರುತ್ತಿದ್ದವು. ಅವೆರಡೂ ಎಂದೂ ಮಾತನಾಡಿದ್ದಿಲ್ಲ. ಮಾತನಾಡಿಸಲು ಸತ್ತವನ ಮಗನೇ ಅರ್ಜಿ ಹಿಡಿದು ಬರಬೇಕಾಗಿತ್ತು.

ನಾರ್ವೆಯವರು 1987ರಲ್ಲಿ ಪುಸ್ತಕ ತೆರೆದರು. ಅಲ್ಲಿ ಒಂದು ಘಟನೆ ನಡೆದಿದೆ. 1991ರಲ್ಲಿ ಬೋನ್‌ಲಾಕ್ ಎಂಬ ಹೊಸ ಸಿಮೆಂಟು ಬಂತು. ಲೋಹವನ್ನು ಮೂಳೆಗೆ ಅಂಟಿಸುವ ಸಿಮೆಂಟು ಅದು, ಹಳೆಯದಕ್ಕಿಂತ ಉತ್ತಮ ಎಂದೇ ಎಲ್ಲರೂ ನಂಬಿದ್ದರು. ಮೂರು ನಾಲ್ಕು ವರ್ಷದೊಳಗೆ ಪುಸ್ತಕದಲ್ಲಿ ಕೆಂಪು ಕಾಣಿಸಿಕೊಂಡಿತು. ಈ ಸಿಮೆಂಟು ಹಾಕಿದ ಸೊಂಟಗಳು ಬೇರೆಯವಕ್ಕಿಂತ ಬೇಗ ಸಡಿಲವಾಗುತ್ತಿದ್ದವು. 1995ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಇಷ್ಟು ಬೇಗ ತಿಳಿದದ್ದು ಯಾರೋ ಮಹಾ ಬುದ್ಧಿವಂತರಿದ್ದರೆಂದಲ್ಲ, ಎಲ್ಲರೂ ಬರೆಯುತ್ತಿದ್ದರು ಎಂದು.

ಪುಸ್ತಕವಿಲ್ಲದ ಕಾಲದಲ್ಲಿ ಒಬ್ಬ ಮನುಷ್ಯನ ಪ್ರಾಮಾಣಿಕತೆಯೇ ಪುಸ್ತಕವಾಗಬೇಕಿತ್ತು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಇವತ್ತಿನ ಸೊಂಟದ ಕೀಲಿನ ಜನಕ. ಅವರು ಮೊದಲು ಟೆಫ್ಲಾನ್ ಎಂಬ ವಸ್ತುವನ್ನು ಬಳಸಿ ಸುಮಾರು ಮುನ್ನೂರು ಜನಕ್ಕೆ ಕೀಲು ಹಾಕಿದ್ದರು. ಕೆಲವೇ ವರ್ಷಗಳಲ್ಲಿ ಅದು ಸವೆದು ಪುಡಿಯಾಗತೊಡಗಿತು. ಅವರು ತಮ್ಮ ರೋಗಿಗಳನ್ನು ಬಿಡದೆ ಕರೆಸಿ ನೋಡುತ್ತಿದ್ದರಿಂದ ಅದು ಗೊತ್ತಾಯಿತು. ಆ ಪುಡಿ ದೇಹಕ್ಕೆ ಏನು ಮಾಡುತ್ತದೆಂದು ತಿಳಿಯಲು ಟೆಫ್ಲಾನನ್ನು ತಮ್ಮ ತೊಡೆಗೇ ಚುಚ್ಚಿಕೊಂಡರಂತೆ. 1962ರ ನವೆಂಬರಿನಿಂದ ಬೇರೆ ಪ್ಲಾಸ್ಟಿಕ್ಕಿಗೆ ಬದಲಾಯಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕು ಇವತ್ತಿಗೂ ನಡೆಯುತ್ತಿದೆ.

ಇನ್ನು ನಮ್ಮ ದೇಶದ ಸರದಿ. ಎ.ಎಸ್.ಆರ್. ಎಂಬ ಸೊಂಟದ ಕೀಲು, ಜಾನ್ಸನ್ ಅಂಡ್ ಜಾನ್ಸನ್ನಿನ ಡಿಪ್ಯೂ ಕಂಪನಿಯದು. ಚೆಂಡೂ ಲೋಹ, ಬಟ್ಟಲೂ ಲೋಹ. ಎರಡೂ ಉಜ್ಜಿಕೊಂಡು ಕೋಬಾಲ್ಟ್, ಕ್ರೋಮಿಯಂ ಎಂಬ ಲೋಹಗಳ ಕಣ ರಕ್ತಕ್ಕೆ ಸೇರುತ್ತಿತ್ತು, ಸುತ್ತಲಿನ ಮಾಂಸವೂ ಕೆಡುತ್ತಿತ್ತು. ಆಸ್ಟ್ರೇಲಿಯಾದವರು 1999ರಲ್ಲಿ ರಿಜಿಸ್ಟರು ಶುರು ಮಾಡಿದ್ದರು. ಈ ಕೀಲು ಉಳಿದವಕ್ಕಿಂತ ಹೆಚ್ಚು ಕೆಡುತ್ತಿದೆ ಎಂದು ಆ ಪುಸ್ತಕ ತೋರಿಸಿತು. 2009ರ ಕೊನೆಗೆ ಆ ದೇಶದಲ್ಲಿ ಮಾರಾಟ ನಿಂತಿತು. ಇಂಗ್ಲೆಂಡಿನವರು 2003ರಲ್ಲಿ ತೆರೆದ ಪುಸ್ತಕವೂ ಅದನ್ನೇ ಹೇಳಿತು. ಐದು ವರ್ಷದೊಳಗೆ ನೂರಕ್ಕೆ ಹನ್ನೆರಡು ಹದಿಮೂರು ಕೀಲುಗಳನ್ನು ಮತ್ತೆ ಬಿಚ್ಚಬೇಕಾಗಿ ಬಂದಿತ್ತು. 2010ರ ಆಗಸ್ಟಿನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ವಾಪಸು ತೆಗೆದುಕೊಂಡಿತು. ಜಗತ್ತಿನಲ್ಲಿ ಸುಮಾರು 93,000 ಜನಕ್ಕೆ ಅದನ್ನು ಹಾಕಲಾಗಿತ್ತು.

ಭಾರತದಲ್ಲಿ ಅಂಥ ಸುಮಾರು 4,700 ಆಪರೇಷನ್ನುಗಳಾಗಿದ್ದವು. ಕೇಂದ್ರ ಸರ್ಕಾರ 2017ರಲ್ಲಿ ತಜ್ಞರ ಸಮಿತಿ ಮಾಡಿತು. 2018ರ ನವೆಂಬರಿನಲ್ಲಿ ಪರಿಹಾರಕ್ಕೂ ಒಂದು ಸೂತ್ರವಾಯಿತು, 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗೆ. ಸಣ್ಣ ಮೊತ್ತವಲ್ಲ. ಆದರೆ ಕೊಡುವುದು ಯಾರಿಗೆ? ಸಾವಿರ ಚಿಲ್ಲರೆ ಜನ ಸಿಕ್ಕರು. ಉಳಿದ ಸುಮಾರು 3,600 ಮಂದಿ ಎಲ್ಲಿದ್ದಾರೆಂದೇ ಗೊತ್ತಾಗಲಿಲ್ಲ. ಈ ಅಂಕಿಯನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರು ಸಾವಿರದ ಆರುನೂರು ಜನವೆಂದರೆ ನನ್ನ ಒಂದು ವೃತ್ತದ ಎರಡು ಮೂರು ದೊಡ್ಡ ಹಳ್ಳಿ. ಅಷ್ಟೂ ಜನ ಪಹಣಿಯಲ್ಲಿದ್ದಾರೆ, ವೋಟರ್ ಲಿಸ್ಟಿನಲ್ಲಿದ್ದಾರೆ, ರೇಷನ್ ಕಾರ್ಡಿನಲ್ಲಿದ್ದಾರೆ. ತಮ್ಮ ಸೊಂಟದ ಪುಸ್ತಕದಲ್ಲಿ ಮಾತ್ರ ಇಲ್ಲ.

ನಮ್ಮವರಿಗೆ ಬರೆದಿಡುವುದು ಬರುವುದಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾ ಬಂದಿದೆ. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯನ್ನೇ ನೋಡಿ. ಹೋಲ್ಡ್ಸ್‌ವರ್ತ್ ಎಂಬುದು ಬೋರ್ಡಿನ ಮೇಲಿನ ಹೆಸರು, ಮಿಷನ್ ಆಸ್ಪತ್ರೆ ಎಂಬುದು ಬಾಯಲ್ಲಿರುವ ಹೆಸರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ವಾರ್ಡಿನವರು ಬರೆದಿಟ್ಟಿದ್ದರು. ಬರೆದ ನರ್ಸಮ್ಮಂದಿರಿಗೆ ಅದರಿಂದ ಮುಂದೇನಾಗುತ್ತದೆಂದು ಗೊತ್ತಿರಲು ಸಾಧ್ಯವಿಲ್ಲ. ಅರವತ್ತು ವರ್ಷಗಳ ಮೇಲೆ ಇಂಗ್ಲೆಂಡಿನ ಡೇವಿಡ್ ಬಾರ್ಕರರ ತಂಡವೂ ಇಲ್ಲಿಯ ವೈದ್ಯರೂ ಆ ಪುಸ್ತಕಗಳನ್ನು ಬಿಚ್ಚಿ, ಅದರಲ್ಲಿದ್ದ ಮಕ್ಕಳಲ್ಲಿ ಆಸುಪಾಸಿನಲ್ಲಿ ಇನ್ನೂ ಇದ್ದವರನ್ನು ಹುಡುಕಿದರು. 517 ಜನರನ್ನು ಪರೀಕ್ಷಿಸಿ, ಹುಟ್ಟಿದಾಗ ತೂಕ ಕಡಿಮೆಯಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈಸೂರಿನ ಹೆರಿಗೆ ವಾರ್ಡಿನ ಪುಸ್ತಕ ಜಗತ್ತಿನ ವೈದ್ಯರು ಓದುವ ಪುಸ್ತಕವಾಯಿತು. ಹಾಗಿರುವಾಗ ಅದೇ ಮೈಸೂರಿನಲ್ಲಿ 2008ರ ಮಂಡಿಯೊಂದನ್ನು 2019ರಲ್ಲಿ ಹುಡುಕಲಾಗದೆ ಹೋದದ್ದಕ್ಕೆ ನಮ್ಮ ಜನದ ಗುಣ ಕಾರಣ ಎನ್ನುವುದು ಸೋಮಾರಿತನದ ಮಾತು.

ಹಾಗೆಂದು ಇಲ್ಲಿ ಏನೂ ನಡೆದಿಲ್ಲವೆಂದಲ್ಲ. ಸೊಂಟ ಮತ್ತು ಮಂಡಿಯ ಶಸ್ತ್ರವೈದ್ಯರ ಅಖಿಲ ಭಾರತ ಸಂಘದವರು 2006ರಲ್ಲಿ ತಾವೇ ಒಂದು ರಿಜಿಸ್ಟರು ಶುರು ಮಾಡಿದರು. ಒಳ್ಳೆಯ ಕೆಲಸ. ಆದರೆ ಸೇರುವುದು ಬಿಡುವುದು ಡಾಕ್ಟರರ ಇಷ್ಟ. ಇಷ್ಟವಿದ್ದವರು ಮಾತ್ರ ಬರೆಯುವ ಪುಸ್ತಕದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಮಾಡುವವರೇ ಬರೆಯುತ್ತಾರೆ. ಕಂದಾಯ ಸ್ವಂತ ಇಷ್ಟದಿಂದ ಕಟ್ಟಿ ಎಂದರೆ ಎಂಥವರು ಬಂದು ಕಟ್ಟುತ್ತಾರೆಂದು ನನಗೆ ಗೊತ್ತಿದೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಅಲ್ಲಿಯವರೆಗೆ ಸರಾಸರಿ 1,58,324 ರೂಪಾಯಿ ಇದ್ದದ್ದು ತೆರಿಗೆ ಬಿಟ್ಟು 54,720ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಮಂಡಿಯ ಬ್ರಾಂಡು, ತಯಾರಕರ ಹೆಸರು, ಬ್ಯಾಚ್ ನಂಬರು ಕಾಣಿಸಬೇಕೆಂದೂ ಆ ಆದೇಶದಲ್ಲಿದೆ. ಜನ ಬೆಲೆಯನ್ನು ನೆನಪಿಟ್ಟುಕೊಂಡರು, ಬ್ಯಾಚ್ ನಂಬರನ್ನು ಮರೆತರು. ನನಗೆ ಕೇಳಿದರೆ ಎರಡನೆಯದೇ ದೊಡ್ಡ ಲಾಭ.

ಅಕ್ಕಯ್ಯ ಎರಡನೆಯ ಆಪರೇಷನ್ ಮುಗಿಸಿ ಬಂದ ಮೇಲೆ ನಾನೊಂದು ಉದ್ದನೆಯ ನೋಟ್‌ಬುಕ್ಕು ತಂದು ಗೆರೆ ಹೊಡೆದೆ. ಹೆಸರು, ಊರು, ಯಾವ ಕಾಲು, ಯಾವ ವರ್ಷ, ಕಂಪನಿ, ಸೈಜು, ಬ್ಯಾಚ್ ನಂಬರು, ಈಗ ಹೇಗಿದೆ, ಕೊನೆಗೆ ಷರಾ. ಮದುವೆ, ತಿಥಿ, ಬೀಗರೂಟ, ಎಲ್ಲಿ ಹೋದರೂ ತೂಗಾಡದೆ ನೆಟ್ಟಗೆ ನಡೆಯುವ ಮುದುಕಿಯರನ್ನು ಹುಡುಕಿ ಪಕ್ಕದಲ್ಲಿ ಕೂರುತ್ತೇನೆ. ಮೊದಮೊದಲು ಮನೆಯವರಿಗೆ ಮುಜುಗರವಾಗುತ್ತಿತ್ತು. ಕೊರೋನಾ ಕಾಲದಲ್ಲಿ ನಿಂತು ಹೋಗಿ, ಆಮೇಲೆ ಮತ್ತೆ ಶುರುವಾಯಿತು. ಇದನ್ನು ರಿಜಿಸ್ಟ್ರಿ ಎಂದು ಕರೆಯುವಷ್ಟು ಹುಂಬ ನಾನಲ್ಲ. ನನ್ನ ಕಣ್ಣಿಗೆ ಬೀಳುವವರು ಮದುವೆಗೆ ಬರಲಾಗುವವರು. ಮಂಡಿ ಕೆಟ್ಟವರು ಮದುವೆಗೆ ಬರುವುದಿಲ್ಲ. ಆದರೂ ಒಂದು ಉಪಯೋಗವಿದೆ. ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲಿ ಕಂಪನಿ, ಸೈಜು, ನಂಬರು ಅಚ್ಚಾದ ಅಂಟುಚೀಟಿಗಳಿರುತ್ತವೆ. ಆಸ್ಪತ್ರೆಯವರು ಅದರಲ್ಲೊಂದನ್ನು ತಮ್ಮ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ಒಂದನ್ನು ನಮಗೂ ಕೊಡಿ ಎಂದು ಕೇಳಬಹುದು. ಇದನ್ನು ನಾನು ಆಪರೇಷನ್ನಿಗೆ ಹೊರಟವರಿಗೆಲ್ಲ ಹೇಳುತ್ತೇನೆ. ಹುಣಸೂರಿನ ಹತ್ತಿರ ಒಬ್ಬಾಕೆ ಆ ಚೀಟಿಯನ್ನು ಹೊಗೆಸೊಪ್ಪಿನ ಲೈಸೆನ್ಸಿನ ಕಾಗದದ ಹಿಂದೆ ಅಂಟಿಸಿಟ್ಟಿದ್ದಾರೆ. ಯಾಕಮ್ಮ ಅಲ್ಲಿ ಎಂದರೆ, “ನಮ್ಮನೇಲಿ ಕಳೀದೇ ಇರೋ ಕಾಗ್ದ ಅದೊಂದೇ ಕಣಪ್ಪ,” ಎಂದರು.

“ಈಗ ಹೇಗಿದೆ” ಎಂಬ ಕಾಲಂ ತುಂಬುವಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ದೊಡ್ಡ ದೇಶಗಳ ಪುಸ್ತಕದಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ತೊಂಬತ್ತೈದರ ಆಸುಪಾಸು ಮಂಡಿಗಳು ಉಳಿದಿರುತ್ತವೆ. ಉಳಿದಿವೆ ಎಂದರೆ ಮತ್ತೆ ಬಿಚ್ಚಿಲ್ಲ ಎಂದರ್ಥ. ಅಲ್ಲಿ ಕೆಟ್ಟರೆ ಬಿಚ್ಚುತ್ತಾರೆ, ಆದ್ದರಿಂದ ಆ ಲೆಕ್ಕ ಬಹುಮಟ್ಟಿಗೆ ಸರಿ. ನಮ್ಮಲ್ಲಿ ಕೆಟ್ಟರೂ ಎರಡನೆಯ ಸಲಕ್ಕೆ ದುಡ್ಡಿಲ್ಲದೆ, ಕರೆದುಕೊಂಡು ಹೋಗುವ ಮಗನಿಲ್ಲದೆ, ಗೋಡೆ ಹಿಡಿದು ನಡೆಯುವವಳ ಮಂಡಿಯೂ ಪುಸ್ತಕದಲ್ಲಿ ಗೆದ್ದ ಮಂಡಿಯೇ ಆಗುತ್ತದೆ. ಅದಕ್ಕೇ ಬಿಚ್ಚಿದಿರೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದರೆ ಸಾಲದು, ನೋವಿದೆಯೇ ಎಂದು ಆಕೆಯನ್ನೇ ಕೇಳಬೇಕು. ಇಂಗ್ಲೆಂಡಿನಲ್ಲಿ 2009ರಿಂದ ಆಪರೇಷನ್ನಿನ ಮೊದಲೂ ಆಮೇಲೂ ರೋಗಿಗಳಿಗೇ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಕಾರು ಹತ್ತಿ ಇಳಿಯಲು ಕಷ್ಟವೇ ಎಂಬುದು ಅದರಲ್ಲೊಂದು ಪ್ರಶ್ನೆ. ನನ್ನ ನೋಟ್‌ಬುಕ್ಕಿನ ಅಜ್ಜಿಯರಿಗೆ ಅದರ ಬದಲು, ನೆಲದ ಮೇಲೆ ಕೂತು ಏಳುತ್ತೀರಾ, ಮೊರ ಹಿಡಿದು ಕೇರುತ್ತೀರಾ, ಬಸ್ಸಿನ ಮೊದಲ ಮೆಟ್ಟಿಲು ಹತ್ತುತ್ತೀರಾ ಎಂದು ಕೇಳುತ್ತೇನೆ. ಬಸ್ಸಿನ ಮೆಟ್ಟಿಲಿಗೆ ಹೆಚ್ಚು ಜನ ಹೂಂ ಎನ್ನುತ್ತಾರೆ. ನೆಲಕ್ಕೆ ಕೂರಬಾರದೆಂದು ಡಾಕ್ಟರರು ಹೇಳಿದ್ದಾರೆ ಎನ್ನುತ್ತಾರೆ, ಹೇಳಿದ ಮೇಲೂ ಕೂರುತ್ತಾರೆ. ಈ ನೆಲಕ್ಕೆ ಕೂರುವ ಮಂಡಿ ಎಷ್ಟು ವರ್ಷ ಬಾಳುತ್ತದೆಂದು ಸ್ವೀಡನ್ನಿನ ಪುಸ್ತಕ ನೋಡಿ ಹೇಳುವಂತಿಲ್ಲ. ಅದನ್ನು ಇಲ್ಲಿಯೇ ಬರೆಯಬೇಕು.

ಕಳೆದ ವರ್ಷ ಕೋಟೆ ಕಡೆ ಹೋದಾಗ ನನ್ನ ಹಳೆಯ ವೃತ್ತದ ಒಬ್ಬ ಪರಿಚಯಸ್ಥ ಸಿಕ್ಕಿದ. ಬಸ್ಸಿನಿಂದ ಇಳಿಯುವಾಗಲೇ ಸೊಂಟ ಒಂದು ಕಡೆ ಎಳೆಯುತ್ತಿತ್ತು. ಕೇಳಿದೆ. ಬಲಗಡೆಯ ಸೊಂಟದ ಕೀಲು, ಬೆಂಗಳೂರಿನಲ್ಲಿ, 2008ರ ಸುಮಾರಿಗೆ. ಆಗ ಕೆಲಸಕ್ಕಿದ್ದ ಕಡೆಯ ಧಣಿ ಖರ್ಚು ಕೊಟ್ಟಿದ್ದರಂತೆ. ಎರಡು ಮೂರು ವರ್ಷ ಚೆನ್ನಾಗಿತ್ತು, ಆಮೇಲೆ ನೋವು. ಮಾತ್ರೆ ನುಂಗಿಕೊಂಡು ಕಾಲ ಹಾಕಿದ್ದಾನೆ. ಕಾಗದ ಯಾವುದೂ ಇಲ್ಲ. ಆಸ್ಪತ್ರೆಗೆ ಕೊಟ್ಟಿದ್ದ ಫೋನ್ ನಂಬರು ಧಣಿಯದು, ಅವರೂ ಈಗಿಲ್ಲ. ಆ ಮೂರು ಸಾವಿರದ ಆರುನೂರರ ಮಾತನ್ನು ಅವನಿಗೆ ಹೇಳಿದೆ. ಪರಿಹಾರದ ವಿಷಯವನ್ನೂ ಹೇಳಿದೆ, ಆಸೆ ಹುಟ್ಟಿಸುವಂತೆ ಅಲ್ಲ. ಅವನದು ಆ ಕೀಲೇ ಎನ್ನಲು ಆಧಾರವಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ಎಕ್ಸ್‌ರೇ ತೆಗೆಸಿದರೆ ಚೆಂಡೂ ಬಟ್ಟಲೂ ಲೋಹದ್ದೇ ಎಂಬುದಾದರೂ ಗೊತ್ತಾಗುತ್ತದೆ, ರಕ್ತದಲ್ಲಿ ಕೋಬಾಲ್ಟ್ ಎಷ್ಟಿದೆಯೆಂದೂ ಪರೀಕ್ಷೆ ಮಾಡಿಸಬಹುದು, ನಮ್ಮ ಮೈಸೂರಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಭೀಮನಕೊಲ್ಲಿ ಜಾತ್ರೆ ಒಂದು ಮುಗೀಲಿ ಶಾನುಭೋಗ್ರೆ, ಬತ್ತೀನಿ,” ಎಂದ. ಆಮೇಲೆ ನೋಟ್‌ಬುಕ್ಕಿನ ಕಡೆ ಬಗ್ಗಿ, “ನಂದೂ ಬರ್ಕಳಿ ಮತ್ತೆ,” ಎಂದ. ಹೆಸರು ಬರೆದೆ, ಊರು ಬರೆದೆ, ಬಲ ಸೊಂಟ ಎಂದು ಬರೆದೆ. ಕಂಪನಿ, ಸೈಜು, ಬ್ಯಾಚ್ ನಂಬರು ಮೂರನ್ನೂ ಖಾಲಿ ಬಿಟ್ಟು, ಷರಾ ಕಾಲಂನಲ್ಲಿ “ತನಿಖೆ ಬಾಕಿ” ಎಂದು ಬರೆದು ತಾರೀಖು ಹಾಕಿದೆ.